ಸಿಂಗಪುರದಲ್ಲಿ ವಾಯಿದೆ ಸುಲಭವಾಗಿ ಸಿಗುವುದಿಲ್ಲ

ಇಲ್ಲಿ ಬಾಡಿಗೆ ಮನೆ ಬಿಡುವಾಗ ಕೆಲವು ಮಾಲೀಕರು ಡೆಪಾಸಿಟ್ ಹಿಡಿದುಕೊಳ್ಳುತ್ತಾರೆ. ಗೋಡೆ ಕೊಳೆಯಾಗಿದೆ, ಎಸಿ ಕೆಟ್ಟಿದೆ ಎಂದು ಒಂದಲ್ಲ ಒಂದು ಕಾರಣ. ನನಗೂ ಹಾಗೇ ಆಯಿತು. ಕೋರ್ಟಿಗೆ ಹೋಗು ಎಂದು ಆಫೀಸಿನ ಸ್ಥಳೀಯ ಗೆಳತಿ ಹೇಳಿದಾಗ ಎದೆ ಧಸಕ್ಕೆಂದಿತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಕೇಳಿಕೊಂಡೇ ಬೆಳೆದವರಲ್ವಾ ನಾವು?

ಆದರೆ ಇಲ್ಲಿ ಸಣ್ಣ ತಗಾದೆಗಳಿಗೆಂದೇ 1985ರಿಂದ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ. 20,000 ಸಿಂಗಪುರ ಡಾಲರ್ ಒಳಗಿನ ವ್ಯವಹಾರ ಅಲ್ಲಿಗೆ ಹೋಗುತ್ತದೆ. ಇಬ್ಬರೂ ಒಪ್ಪಿದರೆ 30,000ದವರೆಗೂ ಸರಿ. ಎರಡು ವರ್ಷ ಮೀರದ ಮನೆ ಬಾಡಿಗೆ ಕರಾರೂ ಅದರಲ್ಲಿ ಬರುತ್ತದೆ. ನಿಮ್ಮ ಪರವಾಗಿ ವಾದಿಸಲು ವಕೀಲರಿಗೆ ಅವಕಾಶವಿಲ್ಲ, ನಿಮ್ಮ ಮಾತು ನೀವೇ ಆಡಬೇಕು. 2017ರಿಂದ ಅರ್ಜಿ ಆನ್‌ಲೈನ್. ನಾನು ಕಟ್ಟಿದ ಶುಲ್ಕ 10 ಡಾಲರ್. ಕರಾರು ಪತ್ರ, ಫೋಟೋ, ವಾಟ್ಸಾಪ್ ಸಂದೇಶ ಎಲ್ಲ ಅಪ್‌ಲೋಡ್ ಮಾಡಿದೆ. ವಿಚಾರಣೆಗೆ ಮೊದಲು ಆನ್‌ಲೈನಿನಲ್ಲೇ ಚೌಕಾಸಿ ಮಾಡಿ ರಾಜಿಯಾಗುವ ದಾರಿಯೂ ಇದೆ. ನಮ್ಮದು ಟ್ರಿಬ್ಯೂನಲ್ಲಿನ ಅಧಿಕಾರಿಯಾದ ರಿಜಿಸ್ಟ್ರಾರ್ ಮುಂದೆ ಕೂತು ಮಾತಾಡಿದಾಗ ಬಗೆಹರಿಯಿತು.

ಇಲ್ಲಿನ ಕೋರ್ಟುಗಳು ಮೊದಲಿನಿಂದಲೂ ಹೀಗಿರಲಿಲ್ಲ. 1990ರ ಹೊತ್ತಿಗೆ ಇಲ್ಲಿನ ಹೈಕೋರ್ಟಿನಲ್ಲೂ ಕೇಸುಗಳು ಕೊಳೆಯುತ್ತಿದ್ದವು. ಆ ವರ್ಷ ಯೋಂಗ್ ಪುಂಗ್ ಹೌ ಮುಖ್ಯ ನ್ಯಾಯಮೂರ್ತಿಯಾದರು. ಅವರು ವಕೀಲಿ ಬಿಟ್ಟು ಬ್ಯಾಂಕ್ ನಡೆಸಿದ್ದವರು. ಅವರ ಕಾಲದಲ್ಲಿ ಕೇಸಿನ ಲಗಾಮು ವಕೀಲರ ಕೈಯಿಂದ ನ್ಯಾಯಾಧೀಶರ ಕೈಗೆ ಬಂತು. ವಿಚಾರಣೆಗೆ ಮೊದಲೇ ಎರಡೂ ಕಡೆಯವರನ್ನು ಕರೆದು, ಯಾವ ಕೆಲಸ ಯಾವಾಗ ಮುಗಿಯಬೇಕು ಎಂದು ತಾರೀಖು ಹಾಕಿಬಿಡುವುದು. ಗಟ್ಟಿ ಕಾರಣವಿಲ್ಲದೆ ವಾಯಿದೆ, ಅಂದರೆ ವಿಚಾರಣೆ ಮುಂದೂಡುವುದು, ಇಲ್ಲ. ಟ್ರಾಫಿಕ್ ದಂಡದಂಥ ಕೇಸುಗಳಿಗೆ, ಜನ ದುಡಿಮೆ ಕಳೆದುಕೊಳ್ಳದಿರಲಿ ಎಂದು, ರಾತ್ರಿ ಕೋರ್ಟ್ ಬಂತು. ಹೈಕೋರ್ಟ್ ವಿಚಾರಣೆ ಮೊದಲ ಕೆಲವು ದಿನ ದಾಟಿದರೆ ದಿನಕ್ಕಿಷ್ಟು ಎಂದು ಶುಲ್ಕವೂ ಬಂತು. ಇದೊಂದು ಮಾತ್ರ ನನಗೆ ಒಪ್ಪಿಗೆಯಿಲ್ಲ. ದುಡ್ಡಿದ್ದವನಿಗೆ ಅದು ಲೆಕ್ಕಕ್ಕಿಲ್ಲ, ಬಡವನಿಗೆ ಬರೆ.

ಸಿಂಗಪುರ ಪುಟ್ಟ ದೇಶ, ನಿಜ. ಜನಸಂಖ್ಯೆಯಲ್ಲಿ ನಮ್ಮ ಬೆಂಗಳೂರೇ ಅದಕ್ಕಿಂತ ದೊಡ್ಡದು. ನಮ್ಮಲ್ಲಿ 10 ಲಕ್ಷ ಜನರಿಗೆ 50 ನ್ಯಾಯಾಧೀಶರಾದರೂ ಬೇಕು ಎಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇವತ್ತಿಗೂ ಅದರ ಅರ್ಧದಷ್ಟಿಲ್ಲ. ಹೀಗಿರುವಾಗ ನ್ಯಾಯಾಧೀಶರನ್ನು ಸುಮ್ನೆ ಬೈಯುವುದು ಅನ್ಯಾಯ. ಆದರೆ ವಾಯಿದೆಯ ವಿಷಯಕ್ಕೆ ಹೊಸ ಕಾನೂನೂ ಬೇಕಿಲ್ಲ. ದಾವೆ ನಡೆಯುವಾಗ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 2002ರಿಂದಲೇ ಇದೆ. ನಮ್ಮ ಚಿಕ್ಕಪ್ಪನ ಜಮೀನಿನ ಕೇಸು ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾಗಿದ್ದು. ಈಗಲೂ ಫೋನಿನಲ್ಲಿ "ಮತ್ತೆ ವಾಯಿದೆ ಬಿತ್ತು ಕಣಮ್ಮ" ಎನ್ನುತ್ತಾರೆ. ಆ ದನಿ ಕೇಳಿದರೆ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ ಆರು ತಿಂಗಳು, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರು ಎಷ್ಟೋ ಜನ. ಅದು ವಾಪಸ್ ಬರದಿದ್ದರೆ ಹೆಚ್ಚಿನವರು ಹಣೆಬರಹ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ಸ್ಮಾಲ್ ಕಾಸಸ್ ಕೋರ್ಟ್ ಇದೆ, ಆದರೆ ವಾಹನ ಅಪಘಾತ ಪರಿಹಾರದ ಕೇಸುಗಳ ಹೊರೆಯೂ ಅದರ ಮೇಲೇ ಬಿದ್ದಿದೆ. ಅಡ್ವಾನ್ಸ್ ತಗಾದೆಗೆಂದೇ ವಕೀಲರ ಹಂಗಿಲ್ಲದ, ಕನ್ನಡದಲ್ಲೇ ಅರ್ಜಿ ಹಾಕಬಹುದಾದ ಒಂದು ಪೀಠ ಮಾಡಿ ನೋಡಲಿ. ಒಂದು ಜಿಲ್ಲೆಯಲ್ಲಾದರೂ ಸಾಕು.