ಚಿಕ್ಕಪ್ಪನ ಹಳೇ ಲ್ಯಾಪ್‌ಟಾಪ್, ಹೊಸ ಡೆಸ್ಕ್‌ಟಾಪ್

ಮಂಡ್ಯದ ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ಕೊನೆಗೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟೆ. 4 ಜಿಬಿ ರ್‍ಯಾಮ್, ಹಳೇ ಪ್ರೊಸೆಸರ್. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್‌ಗೇ ಮುಗಿಯಿತು, 11 ಇದರಲ್ಲಿ ಕೂರುವುದಿಲ್ಲ. ಆಲೆಮನೆ ಲೆಕ್ಕ ಬರೆಯೋಕೆ ಹೊಸ ಲ್ಯಾಪ್‌ಟಾಪ್ ಯಾಕೆ ಅನ್ನೋದು ಅವರ ವಾದ. ಸರಿಯಾಗೇ ಇದೆ ಅಲ್ವಾ?

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್, ಅಂದರೆ ಪರದೆ ಮೇಲೆ ಕಾಣುವ ಮೆನು, ಪಟ್ಟಿ, ಕಿಟಕಿಗಳ ವ್ಯವಸ್ಥೆ, ನಾವೇ ಆರಿಸಿಕೊಳ್ಳಬಹುದು. ಅದರಲ್ಲಿ ಗ್ನೋಮ್ ನೋಡೋಕೆ ಚೆಂದ, ಆದರೆ ಈ ಮಷಿನ್‌ಗೆ ಭಾರ. ಎಲ್‌ಎಕ್ಸ್‌ಕ್ಯೂಟಿ ಹಗುರವಾಗಿದೆ, ನನಗೇ ಯಾಕೋ ಹಿಡಿಸಲಿಲ್ಲ. ಎಕ್ಸ್‌ಎಫ್‌ಸಿಇ ಹಾಕಿದೆ. 1996ರಲ್ಲಿ ಶುರುವಾದದ್ದು, ಲೋಗೋದಲ್ಲಿ ಒಂದು ಇಲಿ.

ಇದರ ಪ್ಯಾನಲ್, ಅಂದರೆ ಪರದೆ ಅಂಚಿನ ಪಟ್ಟಿ, ನನಗೆ ತುಂಬಾ ಇಷ್ಟ. ರೈಟ್ ಕ್ಲಿಕ್ ಮಾಡಿದರೆ ಏನು ಬೇಕಾದರೂ ಸೇರಿಸಬಹುದು, ಎಲ್ಲಿಗೆ ಬೇಕಾದರೂ ಎಳೆಯಬಹುದು. ಕೆಳಗೆ ದಪ್ಪ ಪಟ್ಟಿ, ಲೆಕ್ಕ ಬರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್‌ಗೆ ದೊಡ್ಡ ಐಕಾನ್, ಮೂಲೆಯಲ್ಲಿ ಗಡಿಯಾರ. ಫಾಂಟ್ ಡಿಪಿಐ 96 ಇದ್ದದ್ದನ್ನು 120ಕ್ಕೆ ಏರಿಸಿದೆ, ಅಕ್ಷರ ದೊಡ್ಡದಾಯಿತು, ಕನ್ನಡಕ ಹುಡುಕುವ ಕೆಲಸ ತಪ್ಪಿತು. ಕಿಟಕಿಗಳ ನೆರಳು, ಪಾರದರ್ಶಕತೆ ತೋರಿಸುವ ಕಂಪೋಸಿಟರ್ ಆಫ್ ಮಾಡಿದೆ. ಸುಮ್ನೆ ಯಾಕೆ ಅದು?

"ಇಟ್ಟಿದ್ದು ಇಟ್ಟಲ್ಲೇ ಇರ್ಲಿ ಕಣಪ್ಪ, ಅಷ್ಟು ಮಾಡು ಸಾಕು" ಅಂದರು ಚಿಕ್ಕಪ್ಪ. ನಾವು ರ್‍ಯಾಮ್ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುತ್ತೇವೆ, ಅವರಿಗೆ ಬೇಕಾದದ್ದು ಇದು. ಎಕ್ಸ್‌ಎಫ್‌ಸಿಇ ಬದಲಾಗೋದೂ ನಿಧಾನ: 4.18 ಆವೃತ್ತಿ ಬಂದದ್ದು 2022ರ ಡಿಸೆಂಬರ್‌ನಲ್ಲಿ, 4.20 ಬಂದದ್ದು 2024ರ ಡಿಸೆಂಬರ್‌ನಲ್ಲಿ.

ಬ್ರೌಸರ್‌ನಲ್ಲಿ ಟ್ಯಾಬ್ ಜಾಸ್ತಿ ತೆರೆದರೆ ಮಾತ್ರ ಯಾವ ಡೆಸ್ಕ್‌ಟಾಪೂ ಕಾಪಾಡಲ್ಲ. ಅದನ್ನೂ ಹೇಳಿ ಬಂದಿದ್ದೇನೆ. ಕೇಳುತ್ತಾರಾ, ನೋಡೋಣ.