ಬೀದಿಬದಿಯ ಕಾರಿಗೆ ಪ್ಲಗ್ ಎಲ್ಲಿ?

"ಏನ್ ಮಗಾ, ಲಂಡನ್ನಲ್ಲಿದ್ಕಂಡು ಇನ್ನೂ ಪೆಟ್ರೋಲ್ ಕಾರಾ?"

ಹೋದ ವರ್ಷ ಗೌರಿ ಹಬ್ಬದ ದಿನ ಹಾಸನದ ಚಿಕ್ಕಪ್ಪ ವಿಡಿಯೊ ಕಾಲ್‌ನಲ್ಲಿ ಕೇಳಿದ ಮೊದಲ ಮಾತೇ ಇದು. ನಾವಿರುವುದು ಲಂಡನ್ನಿನಲ್ಲಿ ಅಲ್ಲ, ರೆಡಿಂಗ್‌ನಲ್ಲಿ. ಆದರೆ ಚಿಕ್ಕಪ್ಪನಿಗೆ ಇಂಗ್ಲೆಂಡ್ ಪೂರ್ತಿ ಲಂಡನ್ನೇ. ತಿದ್ದುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅವರಿಗೆ ಆಶ್ಚರ್ಯವಾಗಿದ್ದು ನಮ್ಮ ಹಳೇ ಪೆಟ್ರೋಲ್ ಕಾರು ಕಂಡು. ಮುಂದುವರಿದ ದೇಶ, ದುಡಿಯುವ ಗಂಡ ಹೆಂಡತಿ, ಕರೆಂಟು ಹೋಗದ ಊರು. ಮತ್ತೇನು ಅಡ್ಡಿ?

ಅಡ್ಡಿ ಏನೆಂದು ಫೋನಿನಲ್ಲಿ ಹೇಳಲಾಗಲಿಲ್ಲ. ಹಿಂದೆ ಮಕ್ಕಳ ಗಲಾಟೆ, ಅಲ್ಲಿ ಮಂಗಳಾರತಿ. ಅವತ್ತು ಉಳಿದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯನ್ನು ನೀವು ನೋಡಬೇಕು. ಇಲ್ಲಿ 'ಟೆರೇಸ್ ಮನೆ' ಅಂದರೆ ತಾರಸಿ ಮನೆಯಲ್ಲ. ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಇಟ್ಟಿಗೆ ಮನೆಗಳು, ನಮ್ಮ ಕಡೆಯ ವಠಾರವನ್ನು ಉದ್ದಕ್ಕೆ ಎಳೆದ ಹಾಗೆ. ರಾಣಿ ವಿಕ್ಟೋರಿಯಾ ಕಾಲದಲ್ಲಿ ಬಿಸ್ಕತ್ ಕಾರ್ಖಾನೆ ಕೆಲಸಗಾರರು ಇದ್ದಂಥ ಬೀದಿಗಳು. ಬಾಗಿಲು ತೆಗೆದರೆ ಎರಡು ಹೆಜ್ಜೆಗೆ ಫುಟ್‌ಪಾತ್, ಅದರಾಚೆ ರಸ್ತೆ. ಕುದುರೆ ಇಟ್ಟುಕೊಳ್ಳಲೂ ಗತಿಯಿಲ್ಲದವರಿಗೆ ಕಟ್ಟಿದ ಮನೆಗೆ ಕಾರು ನಿಲ್ಲಿಸುವ ಜಾಗ ಎಲ್ಲಿಂದ ಬರಬೇಕು? ಕಾರುಗಳೆಲ್ಲ ರಸ್ತೆ ಬದಿಯಲ್ಲೇ, ಬಂಪರಿಗೆ ಬಂಪರ್ ತಾಗಿಸಿಕೊಂಡು. ವರ್ಷಕ್ಕಿಷ್ಟು ಎಂದು ಕಟ್ಟಿ ಪರ್ಮಿಟ್ ಪಡೆದಿದ್ದೇವೆ, ಆದರೆ ಆ ಪರ್ಮಿಟ್ ಬೀದಿಗೆ, ನಮ್ಮ ಬಾಗಿಲ ಮುಂದಿನ ಜಾಗಕ್ಕಲ್ಲ. ಕೆಲಸ ಮುಗಿಸಿ ಸಂಜೆ ಏಳಕ್ಕೆ ಬಂದರೆ ಎಂಟು ಮನೆ ಆಚೆ ಒಂದು ಸಂದಿ ಸಿಗುತ್ತದೆ. ಕೆಲವು ದಿನ ಪಕ್ಕದ ಬೀದಿ.

ಈ ದೇಶದಲ್ಲಿ ಸುಮಾರು ಮೂರರಲ್ಲಿ ಒಂದು ಮನೆಯ ಸ್ಥಿತಿ ಇದು. ಸ್ವಂತ ಅಂಗಳವಿಲ್ಲ, ಕಾರು ಬೀದಿಯ ಪಾಲು.

ಎದುರು ಮನೆಯ ಹುಡುಗ ಧೈರ್ಯ ಮಾಡಿ ಎಲೆಕ್ಟ್ರಿಕ್ ಕಾರು ತಂದ. ಬಾಗಿಲ ಮುಂದೆ ಜಾಗ ಸಿಕ್ಕ ರಾತ್ರಿ ಮುಂಬಾಗಿಲಿನ ಅಂಚೆ ಕಿಂಡಿಯಿಂದ ಕೇಬಲ್ ಇಳಿಬಿಟ್ಟು, ಫುಟ್‌ಪಾತ್ ದಾಟಿಸಿ ಕಾರಿಗೆ ಸಿಕ್ಕಿಸುತ್ತಾನೆ. ಮೇಲೆ ಹಳದಿ ಪಟ್ಟಿಯ ರಬ್ಬರ್ ಹೊದಿಕೆ. ಒಂದು ಸಂಜೆ ನಮ್ಮ ಸಾಲಿನ ಅಜ್ಜಿ, ಎಂಬತ್ತು ದಾಟಿದವರು, ಚಕ್ರದ ವಾಕರ್ ತಳ್ಳಿಕೊಂಡು ಅಂಗಡಿಯಿಂದ ಬರುತ್ತಿದ್ದರು. ರಬ್ಬರಿನ ಉಬ್ಬಿಗೆ ವಾಕರಿನ ಮುಂದಿನ ಚಕ್ರ ತಗುಲಿ ನಿಂತುಬಿಟ್ಟಿತು. ಹಿಂದಕ್ಕೆಳೆದು ಮತ್ತೆ ತಳ್ಳಿದರು, ಹತ್ತಲಿಲ್ಲ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಇಂಗ್ಲಿಷರ ಕೋಪ ಗೊತ್ತಲ್ಲ, ಸುಮ್ಮನೆ ನಿಂತು ಕೇಬಲನ್ನು ಒಂದು ಸತ್ತ ಹಾವನ್ನು ನೋಡಿದಂತೆ ನೋಡಿದರು. ನಾನು ಹೋಗಿ ವಾಕರ್ ಎತ್ತಿ ಆಚೆ ಇಟ್ಟೆ. ಅಷ್ಟರಲ್ಲಿ ಹುಡುಗ ಓಡಿಬಂದು ನಾಲ್ಕು ಸಲ ಸಾರಿ ಹೇಳಿದ. ಮರುದಿನದಿಂದ ಅವನು ಕೇಬಲ್ ಹಾಕುವುದು ರಾತ್ರಿ ಹತ್ತರ ಮೇಲೆ. ಅಷ್ಟು ಹೊತ್ತಿಗೆ ಬಾಗಿಲ ಮುಂದೆ ಬೇರೆಯವರ ಕಾರಿರುತ್ತದೆ, ಅದು ಬೇರೆ ಮಾತು.

ಫುಟ್‌ಪಾತಿನಲ್ಲಿ ಸಣ್ಣ ಕಾಲುವೆ ಕೊರೆದು ಕೇಬಲ್ ಹಾಯಿಸುವ ವ್ಯವಸ್ಥೆ ಬಂದಿದೆ, ಅದಕ್ಕೆಂದು 2025ರಲ್ಲಿ ಸರ್ಕಾರ ಕೌನ್ಸಿಲ್‌ಗಳಿಗೆ, ಅಂದರೆ ಇಲ್ಲಿನ ಸ್ಥಳೀಯ ಸಂಸ್ಥೆಗಳಿಗೆ, 2.5 ಕೋಟಿ ಪೌಂಡ್ ಘೋಷಿಸಿತು. ಒಳ್ಳೆಯದೇ. ಆದರೆ ಕಾಲುವೆ ನನ್ನದು, ಅದರ ಮುಂದಿನ ಜಾಗ ಊರಿನದು. ಬೀದಿದೀಪದ ಕಂಬಕ್ಕೇ ಪ್ಲಗ್ ಕೂರಿಸಿದ ಬಡಾವಣೆಗಳೂ ಇವೆ, ಲಂಡನ್ನಿನಲ್ಲಿ ಬೇಕಾದಷ್ಟು ಕಾಣುತ್ತವೆ. ಇಕ್ಕಟ್ಟಿನ ಹಳೇ ಬೀದಿಗಳಲ್ಲಿ ಕಂಬ ನಿಂತಿರುವುದು ರಸ್ತೆ ಅಂಚಿನಲ್ಲಲ್ಲ, ಮನೆ ಗೋಡೆಗೆ ಒರಗಿಕೊಂಡು. ಅಲ್ಲಿಂದ ಕೇಬಲ್ ಎಳೆದರೆ ಮತ್ತೆ ಅದೇ ಅಜ್ಜಿ, ಅದೇ ವಾಕರ್.

ಈಗ ದುಡ್ಡಿನ ಲೆಕ್ಕ. ಇದನ್ನು ನಾನು ತಮಾಷೆಗೆ ಮಾಡಲಿಲ್ಲ, ನಮ್ಮ ಹಳೇ ಕಾರು ಎಂಒಟಿಯಲ್ಲಿ ಫೇಲಾದಾಗ ಅಡುಗೆಮನೆಯ ಟೇಬಲ್ ಮೇಲೆ ಕೂತು ಮಾಡಿದ್ದು. (ಎಂಒಟಿ ಅಂದರೆ ನಮ್ಮ ಎಫ್‌ಸಿ ಇದ್ದಹಾಗೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಸ್ವಂತದ್ದಾದರೂ ವರ್ಷ ವರ್ಷ ಮಾಡಿಸಲೇಬೇಕು.) ಒಂದು ಯೂನಿಟ್ ಕರೆಂಟಿಗೆ ಸಾಮಾನ್ಯ ಎಲೆಕ್ಟ್ರಿಕ್ ಕಾರು ಮೂರೂವರೆ ಮೈಲಿ ಓಡುತ್ತದೆ ಅಂದುಕೊಳ್ಳಿ. ಮನೆಯಲ್ಲೇ ಚಾರ್ಜರ್ ಇದ್ದವರಿಗೆ ರಾತ್ರಿ ಹೊತ್ತಿನ ವಿಶೇಷ ದರ ಯೂನಿಟ್ಟಿಗೆ ಏಳೆಂಟು ಪೆನ್ಸ್ (ನೂರು ಪೆನ್ಸ್ ಸೇರಿದರೆ ಒಂದು ಪೌಂಡ್). ಮೈಲಿಗೆ ಎರಡು ಪೆನ್ಸ್ ಬಿತ್ತು. ಬಿಟ್ಟಿ ಅನ್ನಿ. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಅದೇ ಯೂನಿಟ್ಟಿಗೆ 80 ಪೆನ್ಸ್ ಹತ್ತಿರ, ಅಂದರೆ ಮೈಲಿಗೆ 23. ನಮ್ಮ ಮುದಿ ಪೆಟ್ರೋಲ್ ಕಾರು, ಲೀಟರಿಗೆ 1.35 ಪೌಂಡ್ ಲೆಕ್ಕದಲ್ಲಿ, ಮೈಲಿಗೆ 15.

ಒಂದೇ ಕಾರು, ಒಂದೇ ಕರೆಂಟು, ಅಂಗಳ ಇದ್ದವನಿಗೆ ಎರಡು ಪೆನ್ಸ್, ಇಲ್ಲದವನಿಗೆ ಇಪ್ಪತ್ಮೂರು. ಇದರ ಮೇಲೆ ತೆರಿಗೆಯ ಒಗ್ಗರಣೆ ಬೇರೆ. ಮನೆ ಕರೆಂಟಿಗೆ ವ್ಯಾಟ್ ಶೇ 5, ಬೀದಿಯ ಚಾರ್ಜರಿಗೆ ಶೇ 20. ಅಂಗಳ ಇರುವವನಿಗೆ ರಿಯಾಯಿತಿ ಕೊಟ್ಟು ಇಲ್ಲದವನಿಗೆ ಬರೆ ಎಳೆಯುವುದು ಯಾವ ನ್ಯಾಯವೋ ನನಗಂತೂ ಅರ್ಥವಾಗಿಲ್ಲ.

ನನ್ನ ಆಫೀಸಿನಲ್ಲಿ ಒಬ್ಬ ತೆಲುಗು ಗೆಳೆಯ ಇದ್ದಾನೆ. ಊರಾಚೆಯ ಹೊಸ ಬಡಾವಣೆ, ಎರಡು ಕಾರು ನಿಲ್ಲುವ ಡ್ರೈವ್‌ವೇ, ಗೋಡೆಗೆ ಚಾರ್ಜರ್. ಕಾರು ಕೊಂಡಿದ್ದೂ ಅವನಲ್ಲ. ಕಂಪನಿ ಮೂಲಕ ಲೀಸ್‌ಗೆ ತೆಗೆದು ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ಕಂತು ಮುರಿದುಕೊಳ್ಳುವ ಯೋಜನೆ. ಶೇ 40ರ ತೆರಿಗೆ ಕಟ್ಟುವವನಿಗೆ ಇದು ಭಾರೀ ಲಾಭ. "ಬೆಳಗ್ಗೆ ಎದ್ದರೆ ಟ್ಯಾಂಕ್ ಫುಲ್, ನಿಂಗೇನೋ ಕಷ್ಟ?" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಈ ದೇಶದ ಎಲೆಕ್ಟ್ರಿಕ್ ಕಾರುಗಳ ಅಂಕಿಸಂಖ್ಯೆಯಲ್ಲಿ ಅವನಂಥವರದೇ ಮೆರವಣಿಗೆ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ 19.6 ಎಲೆಕ್ಟ್ರಿಕ್. ಕೇಳಲು ಜೋರಾಗಿದೆ. ಆದರೆ ಅದರಲ್ಲಿ ದೊಡ್ಡ ಪಾಲು ಕಂಪನಿಗಳ ಲೆಕ್ಕಕ್ಕೆ ಹೋದದ್ದು. ತನ್ನ ಜೇಬಿನಿಂದ ದುಡ್ಡು ಎಣಿಸಿ ಕೊಟ್ಟ ಹತ್ತು ಜನರಲ್ಲಿ ಎಲೆಕ್ಟ್ರಿಕ್ ಆರಿಸಿದವನು ಹೆಚ್ಚೂ ಕಡಿಮೆ ಒಬ್ಬ.

ಚಳಿಗೆ ಬ್ಯಾಟರಿ ಕೈಕೊಡುತ್ತದೆ, ಎಂಟು ವರ್ಷಕ್ಕೆ ಬ್ಯಾಟರಿ ಎಸೆಯಬೇಕು, ಬೆಂಕಿ ಹತ್ತುತ್ತದೆ ಎಂಬ ಮಾತುಗಳು ಇಲ್ಲೂ ಚಾಲ್ತಿಯಲ್ಲಿವೆ. ಇವಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎಂಟು ವರ್ಷ ಎನ್ನುವುದು ಕಂಪನಿಗಳು ಕೊಡುವ ಬ್ಯಾಟರಿ ವಾರಂಟಿಯ ಅವಧಿ, ಆಯಸ್ಸಲ್ಲ. ಚಳಿಯ ಮಾತಿಗೆ ನಾರ್ವೆ ನೋಡಿ. ಹಿಮದಲ್ಲಿ ಮುಳುಗಿರುವ ಆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಎಲೆಕ್ಟ್ರಿಕ್. ಅಲ್ಲಿ ಪೆಟ್ರೋಲ್ ಕಾರಿಗೆ ಬೆನ್ನು ಮುರಿಯುವ ತೆರಿಗೆ ಹಾಕಿ, ಎಲೆಕ್ಟ್ರಿಕ್‌ಗೆ ವ್ಯಾಟ್ ಬಿಟ್ಟುಕೊಟ್ಟು, ಆ ಮಾತಿಗೆ ವರ್ಷಾನುಗಟ್ಟಲೆ ಕಟ್ಟುಬಿದ್ದರು. ಇಲ್ಲಿ? 2030ಕ್ಕೆ ಹೊಸ ಪೆಟ್ರೋಲ್ ಕಾರು ಬಂದ್ ಎಂದು 2020ರಲ್ಲಿ ಬೋರಿಸ್ ಜಾನ್ಸನ್ ಹೇಳಿದರು. 2023ರಲ್ಲಿ ನಮ್ಮ ಅಳಿಯ ರಿಷಿ ಸುನಕ್ ಬಂದು 2035 ಅಂದರು. ಲೇಬರ್ ಸರ್ಕಾರ ಮತ್ತೆ 2030ಕ್ಕೆ ತಂದಿತು. ಕೊಳ್ಳುವವರಿಗೆ ಕೊಡುತ್ತಿದ್ದ ಸಹಾಯಧನ 2022ರಲ್ಲಿ ನಿಂತಿತು, 2025ರ ಜುಲೈಯಲ್ಲಿ 3,750 ಪೌಂಡ್‌ವರೆಗೆ ಮತ್ತೆ ಶುರು. ಅದೇ ವರ್ಷ ನವೆಂಬರಿನ ಬಜೆಟ್‌ನಲ್ಲಿ, 2028ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರು ಓಡಿಸಿದ ಪ್ರತಿ ಮೈಲಿಗೆ ಮೂರು ಪೆನ್ಸ್ ತೆರಿಗೆ ಎಂದು ಸಾರಿದರು. ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಬೆತ್ತ. ಮನೆ ಬಿಟ್ಟರೆ ಕಾರೇ ಅತಿ ದೊಡ್ಡ ಖರ್ಚಾಗಿರುವ ಸಂಸಾರಸ್ಥ ಇಂಥ ಹೊತ್ತಲ್ಲಿ ಏನು ಮಾಡುತ್ತಾನೆ? "ಇನ್ನೊಂದು ವರ್ಷ ನೋಡೋಣ" ಅನ್ನುತ್ತಾನೆ.

ಜನ ಲೆಕ್ಕಾಚಾರದವರು ಎಂಬುದಕ್ಕೆ ನಮ್ಮೂರಿನ ಸಾಕ್ಷಿಯೇ ಇದೆ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ ಮಾಡಿದ ರೇವಾ ನೆನಪಿದೆಯಾ, ಆ ಪುಟ್ಟ ಎರಡು ಬಾಗಿಲಿನ ಗೂಡು? ಅದು 2004ರಿಂದ ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರಲ್ಲಿ ಓಡಾಡಿತು. ಕಾನೂನಿನ ಕಣ್ಣಿಗೆ ಅದು ಕಾರೂ ಅಲ್ಲ, 'ಕ್ವಾಡ್ರಿಸೈಕಲ್'. ಸೀಸದ ಬ್ಯಾಟರಿ, ಗಂಟೆಗೆ 80 ಕಿ.ಮೀ. ದಾಟದ ವೇಗ, ಟಿವಿಯವರ ಗೇಲಿ ಬೇರೆ. ಆದರೂ ಸೂಟು ಬೂಟಿನ ದೊರೆಗಳು ಅದರೊಳಗೆ ಮಂಡಿ ಮಡಚಿಕೊಂಡು ಹೋದರು. ಯಾಕೆ? 2003ರಲ್ಲಿ ಶುರುವಾದ ದಟ್ಟಣೆ ಶುಲ್ಕ, ಲಂಡನ್ ನಡುವೆ ಕಾರು ತಂದರೆ ದಿನಕ್ಕೆ ಐದು ಪೌಂಡ್, ಇದಕ್ಕೆ ಮಾಫಿ. ಲಾಭ ಕಣ್ಣಿಗೆ ಕಾಣುತ್ತಿದ್ದರೆ ಎಂಥ ಡಬ್ಬವನ್ನಾದರೂ ಕೊಳ್ಳುತ್ತಾರೆ. ಆ ಮಾಫಿಯೂ 2025ರ ಕ್ರಿಸ್ಮಸ್ಸಿಗೆ ಮುಗಿಯಿತು. ಜನವರಿಯಿಂದ ಶುಲ್ಕ 18 ಪೌಂಡ್, ಎಲೆಕ್ಟ್ರಿಕ್ ಕಾರಿಗೂ ಕಟ್ಟಬೇಕು, ಕೊಂಚ ರಿಯಾಯಿತಿ ಅಷ್ಟೆ.

ನಾನು ಓಡಿಸಿಯೇ ನೋಡಿಲ್ಲವೆಂದಲ್ಲ. ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕಡೆ ಕನ್ನಡದವರ ದೀಪಾವಳಿ ಕಾರ್ಯಕ್ರಮಕ್ಕೆ ಹೊರಟಿದ್ದೆವು. ಬಾಡಿಗೆ ಕಾರಿನವರು ಬುಕ್ ಮಾಡಿದ ಕಾರು ಇಲ್ಲವೆಂದು ಎಲೆಕ್ಟ್ರಿಕ್ ಕಾರಿನ ಕೀ ಕೈಗಿಟ್ಟರು. ಓಡಿಸಲು ಬೆಣ್ಣೆ. ಸದ್ದಿಲ್ಲ, ನಡುಕವಿಲ್ಲ, ಹಿಂದಿನ ಸೀಟಿನ ಮಕ್ಕಳು ನಿದ್ದೆಹೋದರು. ಹೋಗುವಾಗ ಏನೂ ತೊಂದರೆಯಿಲ್ಲ. ಬರುವಾಗ ರಾತ್ರಿ ಹತ್ತೂವರೆ, ಹೊರಗೆ ಮೂರು ಡಿಗ್ರಿ, ಹೀಟರ್ ಹಾಕಿದ ಹೊಡೆತಕ್ಕೆ ಪರದೆಯ ಮೇಲಿನ ಮೈಲಿಗಳು ಕಣ್ಣೆದುರೇ ಕರಗಿದವು. ಹೆದ್ದಾರಿ ಬದಿಯ ಸರ್ವೀಸ್ ಸ್ಟೇಷನ್ನಿಗೆ ತಿರುಗಿಸಿದೆವು. ನಾಲ್ಕು ಚಾರ್ಜರ್. ಎರಡರ ಪರದೆ ಕಪ್ಪು. ಮೂರನೆಯದಕ್ಕೆ ಒಬ್ಬ ಆಗತಾನೇ ಸಿಕ್ಕಿಸಿ ಕಾಫಿಗೆ ಹೋಗಿದ್ದ. ನಾಲ್ಕನೆಯದು ಕಾರ್ಡನ್ನು ಮೂರು ಸಲ ನೋಡಿ ಮೂರು ಸಲವೂ ಬೇಡ ಅಂದಿತು. ರೇಷ್ಮೆ ಸೀರೆಯ ಮೇಲೆ ನನ್ನ ಜಾಕೆಟ್ ಹೊದ್ದು ಕೂತ ಹೆಂಡತಿ, ಡಿಕ್ಕಿಯಿಂದ ಉಳಿದ ಪುಳಿಯೋಗರೆ ಡಬ್ಬಿ ತೆಗೆದು, "ಇದನ್ನೇ ಹಾಕಿ ನೋಡಿ, ಓಡಿದ್ರೆ ಓಡ್ಲಿ" ಅಂದಳು. ಮನೆ ಸೇರಿದಾಗ ಒಂದೂವರೆ.

ನ್ಯಾಯವಾಗಿ ಹೇಳುವುದಾದರೆ ಪರಿಸ್ಥಿತಿ ಸುಧಾರಿಸುತ್ತಿದೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಆ್ಯಪ್ ಬೇಕಿತ್ತು. ಫಾಸ್ಟ್ ಚಾರ್ಜರುಗಳು ಕಾರ್ಡ್ ತಾಗಿಸಿದರೆ ದುಡ್ಡು ಪಡೆಯಲೇಬೇಕೆಂಬ ನಿಯಮ 2024ರ ನವೆಂಬರಿನಿಂದ ಜಾರಿಯಲ್ಲಿದೆ. ಕಾರಿನ ಬೆಲೆಯೂ ಇಳಿದಿದೆ, ಡೇಸಿಯಾ ಕಂಪನಿಯ ಪುಟ್ಟ 'ಸ್ಪ್ರಿಂಗ್' ಇಲ್ಲಿಗೆ ಬಂದದ್ದೇ 15 ಸಾವಿರ ಪೌಂಡಿಗೆ. ಸೆಕೆಂಡ್‌ಹ್ಯಾಂಡ್ ಇನ್ನೂ ಅಗ್ಗ, ಯಾಕೆಂದರೆ ಎಲೆಕ್ಟ್ರಿಕ್ ಕಾರಿನ ಬೆಲೆ ಮೂರು ವರ್ಷಕ್ಕೆ ಪಾತಾಳ ಕಾಣುತ್ತದೆ. ಸಂಡರ್‌ಲ್ಯಾಂಡಿನಲ್ಲೇ ತಯಾರಾದ ಒಂದು ಹಳೇ ನಿಸ್ಸಾನ್ ಲೀಫ್ ನೋಡಲು ಹೋಗಿದ್ದೆ. ಗಾಡಿ ಚೆನ್ನಾಗಿತ್ತು. ಅದರ ಫಾಸ್ಟ್ ಚಾರ್ಜಿಂಗ್ ಪ್ಲಗ್ ಜಪಾನಿನ ಹಳೇ ಮಾದರಿಯದು, ಈಗ ಉಳಿದವರೆಲ್ಲ ಬೇರೆ ಪ್ಲಗ್‌ಗೆ ಹೋಗಿದ್ದಾರೆ. ಮನೆಯಲ್ಲಿ ಚಾರ್ಜರ್ ಇದ್ದಿದ್ದರೆ ಕಣ್ಣು ಮುಚ್ಚಿ ತರುತ್ತಿದ್ದೆ. ಇಲ್ಲದ್ದಕ್ಕೆ, ಡಿಸೆಂಬರಿನಲ್ಲಿ ಆರು ವರ್ಷ ಹಳೆಯದೊಂದು ಹೈಬ್ರಿಡ್ ತಂದೆವು. ಪ್ಲಗ್ ಇಲ್ಲದ ಹೈಬ್ರಿಡ್, ಅಂದರೆ ಪೆಟ್ರೋಲಿನಲ್ಲೇ ಓಡುತ್ತಾ ತನ್ನ ಸಣ್ಣ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವಂಥದ್ದು.

ಚಿಕ್ಕಪ್ಪನಿಗೆ ಇದನ್ನೆಲ್ಲ ಸಂಕ್ರಾಂತಿ ದಿನ ಫೋನಿನಲ್ಲಿ ವಿವರಿಸಿದೆ. ಅವರು ಅರ್ಧ ಕೇಳಿಸಿಕೊಂಡು, "ಇರು, ಒಂದ್ ಫೋಟೋ ಕಳ್ಸ್ತೀನಿ" ಎಂದು ಇಟ್ಟುಬಿಟ್ಟರು.

ಫೋಟೋ ಬಂತು. ಕಾಂಪೌಂಡಿನ ಒಳಗೆ, ಪೋರ್ಟಿಕೋ ಕೆಳಗೆ, ತುಳಸಿಕಟ್ಟೆಗೆ ಎರಡು ಗೇಣು ಬಿಟ್ಟು ಬಿಳಿ ಎಲೆಕ್ಟ್ರಿಕ್ ಕಾರು. ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಚಕ್ರದಡಿ ಒಡೆದ ನಿಂಬೆಹಣ್ಣು. ಗೋಡೆಯ ಮೇಲೊಂದು ಹೊಸ ಪೆಟ್ಟಿಗೆ, ಅದರಿಂದ ಕಾರಿಗೆ ದಪ್ಪ ಕೇಬಲ್. ಹಿಂದೆಯೇ ವಾಯ್ಸ್ ಮೆಸೇಜ್: "ಕರೆಂಟ್ ಆಫೀಸಿಗೆ ಹೇಳಿ ಲೋಡ್ ಜಾಸ್ತಿ ಮಾಡಿಸ್ದೆ ಕಣ್ಲಾ. ರಾತ್ರಿ ಹಾಕಿದ್ರೆ ಬೆಳಗ್ಗೆ ಬೆಂಗ್ಳೂರು. ಬೆಳ್ಳೂರ್ ಕ್ರಾಸಲ್ಲಿ ಕಾಫಿಗ್ ಬಿಟ್ರೆ ಎಲ್ಲೂ ನಿಲ್ಲಂಗಿಲ್ಲ. ನಿಂದ್ಯಾವಾಗ?"

ಉತ್ತರ ಬರೆಯುವ ಮೊದಲು ಕಿಟಕಿ ಪರದೆ ಸರಿಸಿ ನೋಡಿದೆ. ನಮ್ಮ ಬಾಗಿಲ ಮುಂದೆ ಯಾರದೋ ವ್ಯಾನು. ನಮ್ಮ ಕಾರು ಅವತ್ತು ಪಕ್ಕದ ಬೀದಿಯಲ್ಲಿತ್ತು.