ಚೆಂಡಿಗೆ ಕೆಸರು ತಿಕ್ಕುವವರು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯವೊಂದನ್ನು ನಿನ್ನೆ ನೋಡುತ್ತಿದ್ದಾಗ ನನ್ನ ಗಮನವೆಲ್ಲ ಚೆಂಡಿನ ಮಾಸಲು ಬಣ್ಣದ ಮೇಲೆಯೇ ಇತ್ತು. ಹೊಸ ಚೆಂಡು ಕೈಯಿಂದ ಜಾರದಿರಲೆಂದು, ನ್ಯೂಜೆರ್ಸಿಯ ಹೊಳೆದಂಡೆಯಿಂದ ತಂದ ನುಣುಪಾದ ಕೆಸರನ್ನು ಪ್ರತಿ ಪಂದ್ಯಕ್ಕೂ ಮೊದಲು ಡಜನ್‌ಗಟ್ಟಲೆ ಚೆಂಡುಗಳಿಗೆ, ಒಂದೊಂದನ್ನೂ ಅಂಗೈಯಲ್ಲಿ ಹೊರಳಿಸುತ್ತ, ತಿಕ್ಕುವವರು ತೆರೆಮರೆಯ ಸಿಬ್ಬಂದಿ. 2025ರಲ್ಲಿ ಆಟಗಾರನ ಕನಿಷ್ಠ ವಾರ್ಷಿಕ ವೇತನವೇ 7,60,000 ಡಾಲರ್ ಆಗಿದ್ದರೂ, ಬಟ್ಟೆ ಒಗೆದು, ಬೂಟು ಒರೆಸಿ, ಊಟ ಹೊಂದಿಸುವ ಕ್ಲಬ್‌ಹೌಸ್ ಕೆಲಸಗಾರರು ಬಹುಕಾಲದಿಂದ ಆಟಗಾರರು ಕೊಡುವ ಟಿಪ್ಸನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಸಂಬಳವಾಗಿ ಬರಬೇಕಾದದ್ದು ಹೀಗೆ ಔದಾರ್ಯವಾಗಿ ಬರುವುದು ನನಗಂತೂ ಸರಿ ಕಾಣುವುದಿಲ್ಲ. ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಬರುವ ಬೋನಸ್ಸಿನಲ್ಲಿ ಇವರಿಗೆಷ್ಟು ಪಾಲು ಎಂಬುದನ್ನೂ ಆಟಗಾರರೇ ಬಾಗಿಲು ಮುಚ್ಚಿಕೊಂಡು ಮತ ಹಾಕಿ ನಿರ್ಧರಿಸುತ್ತಾರೆ. 2024ರಲ್ಲಿ ಗೆದ್ದ ಡಾಡ್ಜರ್ಸ್ ತಂಡದಲ್ಲಿ ಒಬ್ಬರಿಗೆ ಸಿಗುವ ಒಂದು ಪೂರ್ಣ ಪಾಲೆಂದರೆ 4,77,441 ಡಾಲರ್.